ಗೆಳೆಯನ ಹೆಸರಿನ ಕಲ್ಲಿಗೆ ನಾಲ್ಕು ಸಾಲು: ನನ್ನ ಅನುಭವ

ಗಂಗಾವತಿಯ ನಮ್ಮ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಯ ವಾಚನಾಲಯಕ್ಕೆ ನಮ್ಮ ಸಹಪಾಠಿಯೊಬ್ಬನ ಹೆಸರಿಡಬೇಕೆಂದು ನಿರ್ಧರಿಸಿದಾಗ, ಗೋಡೆಗೆ ಕೂಡಿಸುವ ಕಲ್ಲಿನ ಬರಹವನ್ನೂ ಅಂದು ಓದಬೇಕಾದ ಎರಡು ಪುಟದ ಸ್ಮರಣೆಯನ್ನೂ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕನ್ನಡ ಶಿಕ್ಷಕ. ಹತ್ತನೆಯ ತರಗತಿಯವರೆಗೂ ಅವನ ಪಕ್ಕದಲ್ಲೇ ಕುಳಿತವನು. ಅವನು ವಾಯುಸೇನೆಯಲ್ಲಿ ಫೈಟರ್ ಪೈಲಟ್ ಆಗಿ, ಮಿಗ್-21 ವಿಮಾನದ ತರಬೇತಿ ಹಾರಾಟವೊಂದರಲ್ಲಿ ಇಪ್ಪತ್ತೇಳನೆಯ ವಯಸ್ಸಿಗೇ ತೀರಿಕೊಂಡ. ತಾಯಿಯ ಇಚ್ಛೆಯಂತೆ ಅವನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದು ಕಲ್ಲಿನ ಮೇಲಿದೆ.

ಮೊದಲ ಕರಡನ್ನು ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದೆ. ಅದರಲ್ಲಿ ವೀರ, ಧೀರ, ಅಮರ ಎಂಬ ಮಾತುಗಳಿಗೆ ಕೊರತೆ ಇರಲಿಲ್ಲ. ಸೂರ್ಯನನ್ನು ಹಣ್ಣೆಂದು ತಿಳಿದು ಹಾರಿದ ಬಾಲ ಹನುಮನ ಅಂಜನಾದ್ರಿ ನಮ್ಮೂರಿಗೆ ಅಷ್ಟು ಹತ್ತಿರವಿರುವಾಗ ಆ ಹೋಲಿಕೆಯೂ ಬಾರದೆ ಇರಲಿಲ್ಲ. ಮರುದಿನ ಅವನ ಮನೆಗೆ ಹೋಗಿ ಅವನ ತಾಯಿಗೆ ಓದಿ ಹೇಳಿದೆ. ಕೊನೆಯವರೆಗೂ ಸುಮ್ಮನೆ ಕೇಳಿದ ಅವರು, "ಚಲೋ ಬರ್ದಿಯಪಾ. ಆದ್ರ ಇದು ಯಾರ ಮಗಗಾದ್ರೂ ಆಗ್ತದ. ಇವ ನನ್ನ ಮಗ ಅಂತ ಗೊತ್ತಾಗಂಗ ಬರಿ" ಅಂದರು. ಮನೆಗೆ ಬಂದು ಆ ಕರಡನ್ನು ಹರಿದು ಹಾಕಿದೆ.

ಎರಡನೆಯ ಸಲ ಹಿಡಿದ ದಾರಿಯೇ ಬೇರೆ. ಸಹಪಾಠಿಗಳಿಗೆಲ್ಲ ವಾಟ್ಸಾಪಿನಲ್ಲಿ ಒಂದೇ ಮಾತು ಕೇಳಿದೆ: ಅವನ ಬಗ್ಗೆ ನೀವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಮಾತ್ರ ಬರೆಯಿರಿ, ಅವನು ಎಂಥವನು ಎಂಬುದನ್ನು ಬರೆಯಬೇಡಿ. ಇಪ್ಪತ್ತಮೂರು ಜನ ಉತ್ತರಿಸಿದರೂ ಬಹುಪಾಲು ಉತ್ತರಗಳಲ್ಲಿ ಇದ್ದದ್ದು ಹೊಗಳಿಕೆಯೇ. ಉಪಯೋಗಕ್ಕೆ ಬಂದವು ಏಳು. ಅವುಗಳಲ್ಲಿ ನಾಲ್ಕು ಜನ ಬೇರೆ ಬೇರೆಯಾಗಿ ನೆನಪಿಸಿದ್ದು ಧ್ವಜಸ್ತಂಭದ ಪ್ರಸಂಗವನ್ನು, ಮತ್ತು ಅದು ನನಗೂ ಚೆನ್ನಾಗಿ ನೆನಪಿತ್ತು.

ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ ಸಮರೂಪ ತ್ರಿಭುಜಗಳ ಪಾಠವಾದ ಮರುದಿನ ಅವನು ಮೈದಾನದಲ್ಲಿ ಒಂದು ಮೀಟರಿನ ಕೋಲು ನೆಟ್ಟು, ಗಂಟು ಹಾಕಿದ ಹಗ್ಗದಿಂದ ಅದರ ನೆರಳನ್ನೂ ಧ್ವಜಸ್ತಂಭದ ನೆರಳನ್ನೂ ಅಳೆದಿದ್ದ. ಕೋಲಿನ ನೆರಳು ಅರವತ್ತು ಸೆಂಟಿಮೀಟರ್, ಕಂಬದ ನೆರಳು ನಾಲ್ಕು ಮೀಟರ್ ಇಪ್ಪತ್ತು. ಹಾಗಾದರೆ ಕಂಬ ಏಳು ಮೀಟರ್ ಎಂದು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡ. ಆಗಸ್ಟ್ 15ಕ್ಕೆ ಮುಂಚೆ ಬಣ್ಣ ಬಳಿಯಲೆಂದು ಜವಾನರು ಕಂಬವನ್ನು ಇಳಿಸಿ ಮಲಗಿಸಿದಾಗ ಅಳೆದು ನೋಡಿದರೆ ಏಳು ಮೀಟರಿಗೆ ನಾಲ್ಕು ಬೆರಳು ಕಡಿಮೆ. ಉಳಿದವರಿಗೆ ಅಷ್ಟು ಸರಿಹೊಂದಿದ್ದೇ ಸಾಕಾಗಿತ್ತು. ಅವನು ಮಾತ್ರ ಮಧ್ಯಾಹ್ನದ ಊಟವನ್ನೂ ಬಿಟ್ಟು ಆ ನಾಲ್ಕು ಬೆರಳು ಎಲ್ಲಿ ಹೋದವೆಂದು ಹುಡುಕಿ, ನೆರಳು ಬೀಳುವ ಕಡೆ ನೆಲ ಸ್ವಲ್ಪ ಇಳಿಜಾರಾಗಿದೆ ಎಂಬುದನ್ನು ತಟ್ಟೆಯಲ್ಲಿ ನೀರು ತುಂಬಿಟ್ಟು ನಮಗೆಲ್ಲ ತೋರಿಸಿದ್ದ. ಅವನು ಪೈಲಟ್ ಆದದ್ದಕ್ಕೆ ಇದೇ ಕಾರಣವೆಂದು ನಾನು ಬರೆಯಲಿಲ್ಲ. ನಡೆದದ್ದನ್ನಷ್ಟೇ ಬರೆದೆ.

ಖಡಕವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮೂರು ವರ್ಷ, ಆಮೇಲೆ ಹೈದರಾಬಾದಿನ ಹತ್ತಿರದ ದುಂಡಿಗಲ್ಲಿನ ವಾಯುಸೇನಾ ಅಕಾಡೆಮಿ, ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಕಿರಣ್ ವಿಮಾನದಲ್ಲಿ ಪಡೆದ ತರಬೇತಿ, ಇವೆಲ್ಲ ಅವನ ಇನ್‌ಲ್ಯಾಂಡ್ ಪತ್ರಗಳಲ್ಲಿ ಸಿಕ್ಕವು. ಒಂದು ಪ್ಯಾರಾದಲ್ಲಿ ಮುಗಿಸಿದೆ.

ಕಷ್ಟವಾದದ್ದು ಸಾವಿನ ಬಗ್ಗೆ ಬರೆಯುವಾಗ. ವಿಮಾನವನ್ನು ಅವನು ಊರಿನಿಂದಾಚೆ ತಿರುಗಿಸಿ ಜನರನ್ನು ಉಳಿಸಿದ ಎಂಬ ಮಾತು ನಮ್ಮಲ್ಲಿ ಬಹಳ ದಿನಗಳಿಂದ ಇತ್ತು. ಅವನ ಸ್ಕ್ವಾಡ್ರನ್ನಿನ ಅಧಿಕಾರಿ ಮನೆಗೆ ಬರೆದ ಪತ್ರವನ್ನು ಎರಡು ಸಲ ಓದಿದೆ. ಆ ಮಾತು ಅದರಲ್ಲಿ ಇರಲಿಲ್ಲ, ಹಾಗಾಗಿ ನಾನೂ ಸೇರಿಸಲಿಲ್ಲ. ಆಪ್ತ ಗೆಳೆಯನೊಬ್ಬ ಇದರಿಂದ ನೊಂದುಕೊಂಡ, ಅವನ ಸಾವನ್ನು ಸಣ್ಣದು ಮಾಡುತ್ತಿದ್ದೀಯ ಎಂದ. ಆದರೆ ಯುದ್ಧವಿಲ್ಲದ ದಿನಗಳಲ್ಲೂ ಸನ್ನದ್ಧರಾಗಿರಲು ದಿನವೂ ಹಾರಲೇಬೇಕಾದವರ ಸಾವು ತನ್ನಷ್ಟಕ್ಕೇ ದೊಡ್ಡದು, ಅದಕ್ಕೆ ನಾವು ಕಥೆ ಕಟ್ಟಿ ಜೋಡಿಸಬೇಕಾಗಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. 'ಹುತಾತ್ಮ' ಎಂಬ ಪದದ ಬಗ್ಗೆಯೂ ಚರ್ಚೆಯಾಯಿತು. ಅದಕ್ಕೆ ಸಮನಾದ ಇಂಗ್ಲಿಷ್ ಪದವನ್ನು ಸೇನಾಪಡೆಗಳು ಅಧಿಕೃತವಾಗಿ ಬಳಸುವುದಿಲ್ಲವೆಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿರುವುದರಿಂದ, 'ಕರ್ತವ್ಯದಲ್ಲಿದ್ದಾಗ ಮಡಿದನು' ಎಂಬುದನ್ನೇ ಉಳಿಸಿಕೊಂಡೆವು.

ಕಲ್ಲಿನ ಬರಹಕ್ಕೆ ನನಗೆ ದಾರಿ ತೋರಿಸಿದ್ದು ನಮ್ಮ ಸೀಮೆಯ ವೀರಗಲ್ಲುಗಳು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಲಿಂಗದ ಸನ್ನಿಧಿಯಲ್ಲಿರುವುದು. ಶಿಲ್ಪದಲ್ಲಿ ಸ್ವರ್ಗವೇ ಇದ್ದರೂ ಎಷ್ಟೋ ಕಲ್ಲುಗಳ ಬರಹ ಬಹಳ ಮಿತವಾದದ್ದು: ಇಂಥವರ ಮಗ ಇಂಥವನು, ಇಂಥ ಊರಿನ ತುರುಗೋಳಿನಲ್ಲಿ (ದನಗಳ ಅಪಹರಣದಲ್ಲಿ) ಹಸುಗಳನ್ನು ಬಿಡಿಸಿ ಸತ್ತನು. ಅದೇ ಕ್ರಮದಲ್ಲಿ ನಾನೂ ನಾಲ್ಕು ಸಾಲು ಹೊಂದಿಸಿದೆ: ಹುದ್ದೆ ಮತ್ತು ಹೆಸರು, ತಂದೆ ತಾಯಿ ಇಬ್ಬರ ಹೆಸರು, ಈ ಶಾಲೆಯಲ್ಲಿ ಓದಿದ ವರ್ಷಗಳು, ಮಡಿದ ಬಗೆ. ಕೆತ್ತುವವರು ತೋರಿಸಿದ ಮಾದರಿಯಲ್ಲಿ 'ಲೆಫ್ಟಿನೆಂಟ್' ಎಂದಷ್ಟೇ ಇತ್ತು. ಅದು ಭೂಸೇನೆಯ ಹುದ್ದೆ. ವಾಯುಸೇನೆಯ ಫ್ಲೈಟ್ ಲೆಫ್ಟಿನೆಂಟ್ ಭೂಸೇನೆಯ ಕ್ಯಾಪ್ಟನ್‌ಗೆ ಸಮ. ಇಂಥ ಬರಹ ಸಿದ್ಧಪಡಿಸುವವರು ಉಳಿದೆಲ್ಲಕ್ಕಿಂತ ಮೊದಲು ಹುದ್ದೆಯ ಹೆಸರನ್ನು ಅಕ್ಷರ ಅಕ್ಷರವಾಗಿ ನೋಡಿಕೊಳ್ಳಬೇಕು, ಏಕೆಂದರೆ ಅದು ಅವನು ದುಡಿದು ಪಡೆದದ್ದು.

ಕಾರ್ಯಕ್ರಮದ ದಿನವನ್ನು ಗೊತ್ತುಪಡಿಸುವುದೂ ಸುಲಭವಾಗಲಿಲ್ಲ. ವಾಯುಸೇನೆ 1932ರಲ್ಲಿ ಸ್ಥಾಪನೆಯಾದ ಅಕ್ಟೋಬರ್ 8 ದಸರಾ ರಜೆಯಲ್ಲಿ ಬರುತ್ತಿತ್ತು. ಮಡಿದ ದಿನ ಬೇಡವೆಂದು ತಾಯಿ ಹೇಳಿದರು. ಹುಟ್ಟಿದ ದಿನಕ್ಕೆಂದು ಶಾಲೆಯ ದಾಖಲಾತಿ ವಹಿ ತೆಗೆಸಿದರೆ ಜೂನ್ 1 ಎಂದಿತ್ತು. ನಮ್ಮ ಕಡೆ ಆ ಕಾಲದ ಮಕ್ಕಳಲ್ಲಿ ಎಷ್ಟೋ ಜನರ ಜನ್ಮದಿನ ಅದೇ, ಶಾಲೆಗೆ ಸೇರಿಸುವಾಗ ಗುರುಗಳು ಬರೆದುಕೊಂಡದ್ದು. ತಾಯಿಯ ಲೆಕ್ಕದಲ್ಲಿ ಅವನು ಹುಟ್ಟಿದ್ದು ನಾಗರ ಪಂಚಮಿ ಹಬ್ಬದ ರೊಟ್ಟಿಯ ದಿನ. ವಾಯುಸೇನೆಯ ಕಾಗದಗಳಲ್ಲೆಲ್ಲ ಜೂನ್ 1 ಇರುವುದರಿಂದ ಕಲ್ಲಿನ ಮೇಲೆ ಹುಟ್ಟಿದ ವರ್ಷವನ್ನೂ ಹಾಕದೆ ಬಿಟ್ಟು, ಕಾರ್ಯಕ್ರಮವನ್ನು ಮಾತ್ರ ರೊಟ್ಟಿಯ ದಿನವೇ ಇಟ್ಟುಕೊಂಡೆವು.

ಅಂದು ಅವನ ತಾಯಿ ಬುಟ್ಟಿಯ ತುಂಬ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದರು. ನಾನು ಎರಡೂ ಪುಟಗಳನ್ನು ಓದಿ ಕುಳಿತೆ. ಮಕ್ಕಳು ಎದ್ದು ಹೋದ ಮೇಲೆ ಅವರು ಹತ್ತಿರ ಬಂದು, "ಎಲ್ಲಾ ಖರೇ ಐತಿ. ಒಂದ ತಪ್ಪೈತಿ. ಎಲ್ಲಿಂದಲೋ ಹಗ್ಗ ತಂದ ಅಂತ ಬರ್ದಿ. ಅದು ನಮ್ಮನಿ ಹಳೇ ಜೋಕಾಲಿ ಹಗ್ಗ. ನನ್ನ ಕೇಳೇ ಒಯ್ದಿದ್ದ" ಅಂದರು. ಅಲ್ಲೇ ನಿಂತು 'ಎಲ್ಲಿಂದಲೋ' ಎಂಬುದನ್ನು ಹೊಡೆದು ಹಾಕಿ, ಅಂಚಿನಲ್ಲಿ ಪೆನ್ಸಿಲಿನಿಂದ 'ತಾಯಿಯನ್ನು ಕೇಳಿ, ಮನೆಯ ಜೋಕಾಲಿಯ ಹಗ್ಗ' ಎಂದು ತಿದ್ದಿದೆ. ವಾಚನಾಲಯದ ಕಪಾಟಿನಲ್ಲಿ ಇಟ್ಟಿರುವುದು ಆ ತಿದ್ದಿದ ಪ್ರತಿಯನ್ನೇ.