ಪ್ರಸಾರದಲ್ಲಿರುವ ಧಾರಾವಾಹಿಗೆ ಪ್ರತಿಕ್ರಿಯೆ ಬರೆಯುವುದು ಹೇಗೆ?

ಮುಗಿದುಹೋದ ಧಾರಾವಾಹಿಯ ವಿಮರ್ಶೆಗೂ ಇನ್ನೂ ಪ್ರಸಾರವಾಗುತ್ತಿರುವ ಧಾರಾವಾಹಿಗೆ ಅಭಿಮಾನಿಯೊಬ್ಬರು ಬರೆಯುವ ಪ್ರತಿಕ್ರಿಯೆಗೂ ಇರುವ ಮುಖ್ಯ ವ್ಯತ್ಯಾಸವೆಂದರೆ, ವಿಮರ್ಶಕರಿಗೆ ಕಥೆಯ ಕೊನೆ ಗೊತ್ತಿರುತ್ತದೆ, ಅಭಿಮಾನಿಗೆ ಗೊತ್ತಿರುವುದಿಲ್ಲ. ಕೊನೆ ತಿಳಿಯದೆ ಕಾಯುವಾಗ ಹುಟ್ಟುವ ಆತಂಕ, ಒಂದು ಪಾತ್ರದ ಮೇಲಿನ ಅನುಮಾನ, ಇನ್ನೊಂದರ ಮೇಲಿನ ನಂಬಿಕೆ, ಇವು ಕಥೆ ಮುಗಿದ ಮೇಲೆ ಮತ್ತೆ ಕೈಗೆ ಸಿಗುವುದಿಲ್ಲ. ಅಮೆರಿಕದ ‘ಡಲ್ಲಾಸ್’ ಧಾರಾವಾಹಿಯಲ್ಲಿ ಜೆ.ಆರ್. ಯೂಯಿಂಗ್ ಪಾತ್ರಕ್ಕೆ ಗುಂಡೇಟು ಬಿದ್ದದ್ದು 1980ರ ಮಾರ್ಚ್‌ನಲ್ಲಿ. ಗುಂಡು ಹಾರಿಸಿದವರು ಯಾರೆಂದು ತೋರಿಸಿದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಆ ಉತ್ತರವನ್ನು ಇಂದು ಯಾರು ಬೇಕಾದರೂ ಹುಡುಕಿ ತಿಳಿಯಬಹುದು. ಆದರೆ ನಡುವಿನ ಎಂಟು ತಿಂಗಳು ಪ್ರೇಕ್ಷಕರು ಯಾರನ್ನು, ಯಾವ ದೃಶ್ಯದ ಆಧಾರದ ಮೇಲೆ ಶಂಕಿಸುತ್ತಿದ್ದರು ಎಂಬುದು ಅಂದೇ ಬರೆದಿಟ್ಟವರಲ್ಲಿ ಮಾತ್ರ ಉಳಿದಿರುತ್ತದೆ. ಪ್ರತಿಕ್ರಿಯೆಯ ಬೆಲೆ ಇರುವುದೇ ಇಲ್ಲಿ.

ಆದ್ದರಿಂದ ಸಂಚಿಕೆ ನೋಡಿದ ದಿನವೇ ಬರೆಯಬೇಕು. ಮುಂದಿನ ಸಂಚಿಕೆಯ ಪ್ರೋಮೋ ನೋಡುವ ಮುನ್ನ, ಬೇರೆಯವರ ಅಭಿಪ್ರಾಯ ಓದುವ ಮುನ್ನ ಬರೆದರೆ ಇನ್ನೂ ಒಳ್ಳೆಯದು. ಪ್ರೋಮೋವನ್ನು ಕುತೂಹಲ ಕೆರಳಿಸುವುದಕ್ಕೆಂದೇ ಕತ್ತರಿಸಿ ಜೋಡಿಸಿರುತ್ತಾರೆ. ಅದನ್ನು ಒಮ್ಮೆ ನೋಡಿದ ಮೇಲೆ ಈ ದಿನದ ಸಂಚಿಕೆಯೂ ಅದರ ಬೆಳಕಿನಲ್ಲೇ ಕಾಣತೊಡಗುತ್ತದೆ. ನೋಡುತ್ತಿರುವಾಗಲೇ ಉದ್ದುದ್ದ ಟಿಪ್ಪಣಿ ಮಾಡುವ ಅಗತ್ಯವಿಲ್ಲ, ಏಕೆಂದರೆ ತಲೆ ತಗ್ಗಿಸಿ ಬರೆಯುವಷ್ಟರಲ್ಲಿ ಒಂದು ಮುಖಭಾವ ತಪ್ಪಿಹೋಗಬಹುದು. ದೃಶ್ಯ ಬಂದ ಸಮಯ ಮತ್ತು ನೆನಪಿಗೆ ಸಾಕಾಗುವ ಎರಡು ಮೂರು ಪದಗಳನ್ನು ಗುರುತು ಹಾಕಿಕೊಂಡರೆ ಸಾಕು.

ಬರೆಯಲು ಕುಳಿತಾಗ ಇಡೀ ಸಂಚಿಕೆಯ ಕಥೆಯನ್ನು ಮತ್ತೆ ಹೇಳಬೇಡಿ. ನಿಮ್ಮನ್ನು ತಟ್ಟಿದ ಒಂದೇ ದೃಶ್ಯವನ್ನು ಹಿಡಿದು ಅದರೊಳಗೆ ಇಳಿಯಿರಿ. ಉದಾಹರಣೆಗೆ, ತಂಗಿಯನ್ನು ಕ್ಷಮಿಸಿದ್ದೇನೆ ಎಂದು ಅಕ್ಕ ಹೇಳುವ ದೃಶ್ಯವೊಂದನ್ನು ಊಹಿಸಿಕೊಳ್ಳಿ. ಮಾತು ಮೃದುವಾಗಿದೆ, ಹಿನ್ನೆಲೆ ಸಂಗೀತವೂ ಮೃದುವಾಗಿದೆ. ಆದರೆ ತಂಗಿ ಕೈ ಚಾಚಿದಾಗ ಅಕ್ಕ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗುತ್ತಾಳೆ, ಕ್ಯಾಮೆರಾ ಅವಳ ಮುಖವನ್ನು ಬಿಟ್ಟು ಆ ಬೆರಳುಗಳ ಮೇಲೆ ಒಂದು ಕ್ಷಣ ಹೆಚ್ಚಾಗಿ ನಿಲ್ಲುತ್ತದೆ, ತಂಗಿಯ ಕೈ ಹಾಗೆಯೇ ಹಿಂದಕ್ಕೆ ಸರಿಯುತ್ತದೆ. ‘ಅಕ್ಕನ ಅಭಿನಯ ಅದ್ಭುತ’ ಎಂದು ಬರೆದರೆ ಓದುಗರಿಗೆ ಏನೂ ಸಿಗುವುದಿಲ್ಲ. ಮಾತು ಕ್ಷಮಿಸಿತು, ಕೈ ಕ್ಷಮಿಸಲಿಲ್ಲ ಎಂದು ತೋರಿಸಿ, ಆಮೇಲೆ ಈ ಹಿಂದಿನ ಯಾವ ಜಗಳ ಇನ್ನೂ ಆರದೆ ಉಳಿದಿದೆ ಎಂದು ನೆನಪಿಸಿದರೆ, ಅದೇ ದೃಶ್ಯವನ್ನು ನೋಡಿದ್ದವರಿಗೂ ಮತ್ತೊಮ್ಮೆ ನೋಡಬೇಕೆನ್ನಿಸುತ್ತದೆ. ನನ್ನ ಮಟ್ಟಿಗೆ ಒಳ್ಳೆಯ ಪ್ರತಿಕ್ರಿಯೆಯ ಪರೀಕ್ಷೆ ಇದೊಂದೇ. ಹೀಗೆ ಬರೆಯಲು ಮಾತು, ಮೌನ, ಚಲನೆ, ಕ್ಯಾಮೆರಾ ನಿಂತ ಜಾಗ, ಸಂಗೀತ ನಿಂತ ಕ್ಷಣ ಇವನ್ನೆಲ್ಲ ಬೇರೆ ಬೇರೆಯಾಗಿ ಗಮನಿಸುವ ಅಭ್ಯಾಸ ಬೇಕು. ಮೊದಲ ಸಲ ಪೂರ್ತಿ ನೋಡಿ, ಎರಡನೆಯ ಸಲ ಆ ದೃಶ್ಯವನ್ನಷ್ಟೇ ಧ್ವನಿಯಿಲ್ಲದೆ ನೋಡಿದರೆ ಎಷ್ಟೋ ಸಂಗತಿಗಳು ತಾವಾಗಿ ಕಣ್ಣಿಗೆ ಬೀಳುತ್ತವೆ.

ಪಾತ್ರದ ಮೇಲೆ ಸಿಟ್ಟು ಬಂದಾಗ ಆ ಸಿಟ್ಟು ಯಾರ ಮೇಲೆ ಎಂದು ಬಿಡಿಸಿಕೊಳ್ಳುವುದು ಅತ್ಯಗತ್ಯ. ಪಾತ್ರ ತಪ್ಪು ಮಾಡಿರಬಹುದು. ಹಾಗೆ ತಪ್ಪು ಮಾಡುವಂತೆ ಬರೆದ ಕಥೆಗಾರರು ಅದಕ್ಕೆ ತಕ್ಕ ಕಾರಣ ಕೊಡದೆ ಇದ್ದಿರಬಹುದು. ಇವೆರಡೂ ಬೇರೆ ಬೇರೆ ದೂರುಗಳು. ಪಾತ್ರಧಾರಿ ಮೂರನೆಯ ವ್ಯಕ್ತಿ, ಮತ್ತು ವಿಲನ್ ಪಾತ್ರವನ್ನು ನಂಬುವಂತೆ ಮಾಡಿದ್ದಕ್ಕಾಗಿ ಅವರ ಮೇಲೆ ಬೈಗುಳದ ಮಳೆ ಸುರಿಸುವುದು ಅನ್ಯಾಯ. ಪ್ರಸಾರದಲ್ಲಿರುವ ಧಾರಾವಾಹಿಯ ಪಾತ್ರಗಳು ಆರಂಭದ ಯೋಜನೆಯಂತೆಯೇ ಸಾಗುತ್ತವೆ ಎನ್ನುವಂತೆಯೂ ಇಲ್ಲ. ‘ಬ್ರೇಕಿಂಗ್ ಬ್ಯಾಡ್’ ಸರಣಿಯ ಜೆಸ್ಸಿ ಪಿಂಕ್‌ಮನ್ ಪಾತ್ರವನ್ನು ಮೊದಲ ಸೀಸನ್‌ನಲ್ಲೇ ಸಾಯಿಸುವ ಯೋಚನೆ ಅದರ ಸೃಷ್ಟಿಕರ್ತ ವಿನ್ಸ್ ಗಿಲಿಗನ್ ಅವರಿಗಿತ್ತು. ಆ ಪಾತ್ರ ಮಾಡಿದ ಆರನ್ ಪಾಲ್ ಅವರ ಅಭಿನಯ ಕಂಡು ಗಿಲಿಗನ್ ಮನಸ್ಸು ಬದಲಿಸಿದರು, ಆ ಪಾತ್ರ ಕೊನೆಯವರೆಗೂ ಉಳಿಯಿತು. ಹಾಗಾಗಿ ಒಂದು ಪಾತ್ರ ದಿಢೀರನೆ ದಿಕ್ಕು ಬದಲಿಸಿದಾಗ ‘ಇದು ಅವಳ ಸ್ವಭಾವಕ್ಕೆ ಒಗ್ಗುವುದಿಲ್ಲ’ ಎಂದಷ್ಟೇ ಬರೆದು ನಿಲ್ಲಿಸದೆ, ಈವರೆಗೆ ತೋರಿಸಿದ ಯಾವ ನಡೆಗೆ ಇದು ವಿರುದ್ಧವಾಗಿದೆ ಎಂದು ಸಂಚಿಕೆಯ ಸಂಖ್ಯೆಯೊಂದಿಗೆ ಹೇಳಿ.

ಊಹೆಗಳನ್ನು ಪ್ರತಿಕ್ರಿಯೆಯೊಳಗೆ ಬೆರೆಸದೆ ಕೊನೆಯಲ್ಲಿ ಪ್ರತ್ಯೇಕವಾಗಿ, ದಿನಾಂಕ ಮತ್ತು ಕಾರಣದೊಂದಿಗೆ ಬರೆಯಿರಿ. ಬಿಬಿಸಿಯ ‘ಷರ್ಲಾಕ್’ ಸರಣಿಯ ನಾಯಕ 2012ರ ಜನವರಿಯಲ್ಲಿ ಕಟ್ಟಡದಿಂದ ಬಿದ್ದವನು ಹೇಗೆ ಬದುಕಿದ ಎಂದು ಅಭಿಮಾನಿಗಳು 2014ರ ಜನವರಿಯವರೆಗೆ ತರ್ಕ ಹೂಡುತ್ತಲೇ ಇದ್ದರು. ಅಂಥ ಊಹೆ ತಪ್ಪಾದರೂ, ಅದನ್ನು ಕಟ್ಟಿದ ಕಾರಣಗಳು ಸಂಚಿಕೆಯೊಳಗಿನಿಂದಲೇ ಬಂದಿದ್ದರೆ ಓದಲು ಅರ್ಹವಾಗಿಯೇ ಇರುತ್ತದೆ.

ಸ್ಪಾಯ್ಲರ್, ಅಂದರೆ ಕಥೆಯ ತಿರುವನ್ನು ಮೊದಲೇ ಬಿಟ್ಟುಕೊಡುವ ಮಾತಿನ ವಿಷಯದಲ್ಲಿ, ಇನ್ನೂ ನೋಡದವರ ಬಗ್ಗೆ ಉದಾರವಾಗಿ ನಡೆದುಕೊಳ್ಳಿ. 2013ರ ಫೆಬ್ರುವರಿಯಲ್ಲಿ ನೆಟ್‌ಫ್ಲಿಕ್ಸ್ ‘ಹೌಸ್ ಆಫ್ ಕಾರ್ಡ್ಸ್’ನ ಮೊದಲ ಸೀಸನ್ನಿನ 13 ಸಂಚಿಕೆಗಳನ್ನೂ ಒಂದೇ ದಿನ ಬಿಡುಗಡೆ ಮಾಡಿತ್ತು; ಹೀಗೆ ಬಿಡುಗಡೆಯಾಗುವ ಸರಣಿಗಳಲ್ಲಿ ನೋಡುಗರು ಒಬ್ಬೊಬ್ಬರು ಒಂದೊಂದು ಸಂಚಿಕೆಯಲ್ಲಿ ಇರುತ್ತಾರೆ. ಎಷ್ಟನೆಯ ಸಂಚಿಕೆಯವರೆಗೆ ನೋಡಿ ಬರೆದಿದ್ದೀರಿ ಎಂದು ಮೊದಲ ಸಾಲಿನಲ್ಲೇ ತಿಳಿಸಿ, ಶೀರ್ಷಿಕೆಯಲ್ಲಿ ಸಾವು, ಮದುವೆ, ದ್ರೋಹ ಯಾವುದನ್ನೂ ಸುಳಿಯಗೊಡಬೇಡಿ.

ಅರ್ಥವಾಗದ ಸಂಚಿಕೆ ಬಂದಾಗ ಅವಸರದಲ್ಲಿ ತೀರ್ಪು ಕೊಡುವುದು ಬೇಡ. 2007ರ ಜೂನ್‌ನಲ್ಲಿ ‘ದಿ ಸೊಪ್ರಾನೋಸ್’ ಸರಣಿಯ ಕೊನೆಯ ದೃಶ್ಯ ನಡುವೆಯೇ ತುಂಡಾಗಿ ಪರದೆ ಕಪ್ಪಾದಾಗ ಎಷ್ಟೋ ಜನ ಕೇಬಲ್ ಸಂಪರ್ಕವೇ ಹೋಯಿತೆಂದುಕೊಂಡಿದ್ದರು, ಆ ಅಂತ್ಯದ ಚರ್ಚೆ ಇಂದಿಗೂ ನಿಂತಿಲ್ಲ. ಇಂಥ ಕಡೆ ನಿಮಗಾದ ಗೊಂದಲವನ್ನೇ ನಿಖರವಾಗಿ ದಾಖಲಿಸಿ: ಯಾವ ಕ್ಷಣದವರೆಗೆ ಕಥೆಯ ಜೊತೆಗಿದ್ದಿರಿ, ಎಲ್ಲಿ ಎಳೆ ತಪ್ಪಿತು?

ಮುಂದಿನ ವಾರ ನಿಮ್ಮ ಅಭಿಪ್ರಾಯ ಬದಲಾದರೆ ಹಳೆಯ ಬರಹವನ್ನು ತಿದ್ದಬೇಡಿ. ಅದನ್ನು ಇದ್ದಂತೆಯೇ ಬಿಟ್ಟು, ಕೆಳಗೆ ಹೊಸ ದಿನಾಂಕ ಹಾಕಿ, ಯಾವ ದೃಶ್ಯ ನಿಮ್ಮ ಮನಸ್ಸನ್ನು ಬದಲಿಸಿತು ಎಂದು ಸೇರಿಸಿ. ಪಾತ್ರಧಾರಿಯೇ ಬದಲಾದ ಸಂದರ್ಭದಲ್ಲಿಯೂ ಇದೇ ಕ್ರಮ ಸರಿ: ಹಳಬರ ಬಗ್ಗೆ ಬರೆದದ್ದು ಅಲ್ಲೇ ಇರಲಿ, ಹೊಸಬರಿಗೆ ಕೆಲವು ಸಂಚಿಕೆಗಳ ಕಾಲಾವಕಾಶ ಕೊಟ್ಟು, ಹೋಲಿಕೆಯನ್ನು ಆಮೇಲೆ ಬರೆಯಿರಿ.