ಹೊಲದ ಅರಿಶಿನ ದತ್ತೂರಿ: ಸಾಸಿವೆ ಬೆಳೆಯುವವರು ಗಮನಿಸಬೇಕಾದದ್ದು

ಬಂಜರು ಹೊಲ, ರಸ್ತೆಯ ಅಂಚು ಮತ್ತು ಕೆರೆ ಏರಿಗಳಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಹುಲುಸಾಗಿ ಬೆಳೆಯುವ, ಬಿಳಿ ನರಗಳುಳ್ಳ ಬೂದು ಹಸಿರು ಎಲೆಗಳ ಅಂಚಿನಲ್ಲಿ ಚೂಪಾದ ಮುಳ್ಳುಗಳಿರುವ, ಹಳದಿ ಹೂವಿನ ಗಿಡವೇ ಅರಿಶಿನ ದತ್ತೂರಿ (ಆರ್ಜಿಮೋನ್ ಮೆಕ್ಸಿಕಾನಾ). ಇದರ ಮೂಲ ಮೆಕ್ಸಿಕೊ ಭಾಗ. ಕಾಂಡ ಮುರಿದರೆ ಹಳದಿ ಹಾಲು ಒಸರುತ್ತದೆ; ಗುರುತಿಗೆ ಇದೊಂದೇ ಸಾಕು.

ಇದರ ಬೀಜ ಸಾಸಿವೆಯನ್ನು ಬಹಳ ಹೋಲುವುದರಿಂದ, ಸಾಸಿವೆ ಹೊಲದಲ್ಲಿ ಈ ಕಳೆಯನ್ನು ಉಳಿಸಿಕೊಳ್ಳುವುದು ನಿಜಕ್ಕೂ ಅಪಾಯಕಾರಿ. ಬೀಜದ ಎಣ್ಣೆಯಲ್ಲಿರುವ ಸ್ಯಾಂಗ್ವಿನರಿನ್ ಎಂಬ ವಿಷದಿಂದ ಕಾಲುಗಳು ಬಾತುಕೊಂಡು, ಉಸಿರಾಟ ಕಷ್ಟವಾಗಿ, ಹೃದಯಕ್ಕೂ ಹಾನಿಯಾಗಬಹುದು. 1998ರಲ್ಲಿ ದೆಹಲಿಯಲ್ಲಿ ಇಂತಹ ಕಲಬೆರಕೆ ಸಾಸಿವೆ ಎಣ್ಣೆಯಿಂದ ಅನೇಕರು ಮೃತಪಟ್ಟರು.

ಆದ್ದರಿಂದ ಕಾಯಿ ಬಲಿತು ಬಿರಿಯುವ ಮೊದಲೇ, ದಪ್ಪ ಕೈಗವಸು ಧರಿಸಿ, ಗಿಡವನ್ನು ಬೇರುಸಹಿತ ಕಿತ್ತುಹಾಕಿರಿ. ಉದುರಿದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವಂತವಾಗಿರುತ್ತದೆ. ಗಾಣಕ್ಕೆ ಒಯ್ಯುವ ಮುನ್ನ ಒಂದು ಹಿಡಿ ಸಾಸಿವೆಯನ್ನು ಭೂತಗನ್ನಡಿಯಲ್ಲಿ ನೋಡಿರಿ: ದತ್ತೂರಿ ಬೀಜದ ಮೈ ಒರಟಾಗಿದ್ದು, ಬಲೆಯಂತಹ ಗೆರೆಗಳು ಎದ್ದು ಕಾಣುತ್ತವೆ.