ಪ್ರೊಫೆಸರ್ ಎಚ್-ಇಂಡೆಕ್ಸ್ ಎಷ್ಟು ಅಂತ ಕೇಳೋ ಮುಂಚೆ

ಅಕ್ಕನ ಮಗ ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌ಡಿ ಮಾಡೋಕೆ ಗೈಡ್ ಹುಡುಕುತ್ತಿದ್ದಾನೆ. ಹೋದ ವಾರ ಮೂವರು ಪ್ರೊಫೆಸರ್‌ಗಳ ಗೂಗಲ್ ಸ್ಕಾಲರ್ ಪುಟ (ಯಾರ ಸಂಶೋಧನಾ ಪೇಪರ್ ಯಾವುವು, ಅವನ್ನು ಎಷ್ಟು ಜನ ಹೆಸರಿಸಿದ್ದಾರೆ ಅಂತ ಗೂಗಲ್ ತೋರಿಸುವ ಜಾಗ) ತೆಗೆದಿಟ್ಟುಕೊಂಡು, 'ಮಾವ, ಎಚ್-ಇಂಡೆಕ್ಸ್ ಇವರದ್ದು 41, ಇವರದ್ದು 22, ಇವರದ್ದು ಬರೀ 14. ಮೊದಲನೆಯವರೇ ಬೆಸ್ಟ್ ಅಲ್ವಾ?' ಅಂದ. ಕ್ರಿಕೆಟ್ ಸ್ಕೋರ್ ಹೇಳಿದ ಹಾಗೆ. ಅವತ್ತು ಇಬ್ಬರೂ ಕೂತು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ನಂಬರ್ ಹೇಗೆ ಬರುತ್ತೆ ಅಂತ ನೀವೇ ಒಂದು ಸಲ ಲೆಕ್ಕ ಹಾಕಿ. ಒಬ್ಬರ ಪೇಪರನ್ನು ಇನ್ನೊಂದು ಪೇಪರ್ ಹೆಸರಿಸಿದರೆ ಅದು ಒಂದು ಸೈಟೇಶನ್. ಎಚ್-ಇಂಡೆಕ್ಸ್ ಕೊಟ್ಟವರು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಶ್, 2005ರಲ್ಲಿ. ಪೇಪರ್‌ಗಳ ಸೈಟೇಶನ್ ಸಂಖ್ಯೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬರೆಯಿರಿ: 42, 18, 9, 6, 5, 3, 0. ಈಗ ಎಣಿಸುತ್ತಾ ಬನ್ನಿ, ಎಷ್ಟನೇ ಪೇಪರೋ ಅದಕ್ಕೆ ಅಷ್ಟಾದರೂ ಸೈಟೇಶನ್ ಇರಬೇಕು. ಐದನೇ ಪೇಪರಿಗೆ 5 ಇದೆ, ಸರಿ. ಆರನೆಯದಕ್ಕೆ ಆರಾದರೂ ಬೇಕಿತ್ತು, ಇರುವುದು ಮೂರೇ. ಅಲ್ಲಿಗೆ ನಿಲ್ಲಿಸಿ, ಎಚ್-ಇಂಡೆಕ್ಸ್ 5. ಮೊದಲನೇ ಪೇಪರಿಗೆ 42ರ ಬದಲು 4,200 ಬಂದಿದ್ದರೂ ಅದು 5ರಿಂದ ಕದಲುವುದಿಲ್ಲ! ಸ್ಕಾಲರ್ ಪುಟದಲ್ಲಿ ಅದರ ಕೆಳಗೇ ಕಾಣುವ ಐ10-ಇಂಡೆಕ್ಸ್ ಅಂದರೆ ಹತ್ತು ಅಥವಾ ಹೆಚ್ಚು ಸೈಟೇಶನ್ ಇರುವ ಪೇಪರ್ ಎಷ್ಟು ಅಂತ, ಅಷ್ಟೇ. ನಮ್ಮ ಸಾಲಿನಲ್ಲಿ ಎರಡು.

ಆಮೇಲೆ ಆ ಪೇಪರ್‌ಗಳೆಲ್ಲ ಅವರವೇನಾ ನೋಡಿ. ಇದನ್ನು ಮಾಡುವವರು ಕಡಿಮೆ. ನಮ್ಮ ಕಡೆ ಹೆಸರುಗಳ ಕಥೆ ಗೊತ್ತಲ್ಲ, ಎರಡು ಇನಿಷಿಯಲ್, ಕೊನೆಗೊಂದು ರಾವ್ ಅಥವಾ ಕುಮಾರ್. 41ರವರ ಪುಟದಲ್ಲಿ ಕೆಳಗೆ ಇಳಿಯುತ್ತಾ ಹೋದರೆ ರೇಷ್ಮೆ ಹುಳುವಿನ ರೋಗದ ಮೇಲೊಂದು ಪೇಪರ್ ಸಿಕ್ಕಿತು, ಅಂಥವು ಇನ್ನೂ ಇದ್ದವು. ಬೇಕಂತಲೇ ಸೇರಿಸಿದ್ದು ಅಂತ ನಾನು ಹೇಳುವುದಿಲ್ಲ. ಸ್ಕಾಲರ್ ಹೆಸರು ನೋಡಿ ತಾನೇ ಸೇರಿಸುತ್ತೆ, ಪುಟದವರು ತೆಗೆಯದಿದ್ದರೆ ಹಾಗೇ ಉಳಿಯುತ್ತೆ. ಇದಕ್ಕೆ ಮದ್ದು ಡಿಬಿಎಲ್‌ಪಿ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಶುರುವಾದ, ಕಂಪ್ಯೂಟರ್ ಸೈನ್ಸ್‌ಗೇ ಮೀಸಲಾದ ಪಟ್ಟಿ ಇದು. ಯಾರು, ಯಾರ ಜೊತೆ, ಯಾವ ವರ್ಷ, ಎಲ್ಲಿ ಪ್ರಕಟಿಸಿದರು ಅಂತ ನೀಟಾಗಿ ಸಿಗುತ್ತೆ. ಒಂದೇ ಹೆಸರಿನವರಿದ್ದರೆ ಹೆಸರಿನ ಕೊನೆಗೆ 0001, 0002 ಅಂತ ನಂಬರ್ ಇರುತ್ತೆ. ಊರಲ್ಲಿ ದೊಡ್ಡ ಮಂಜಣ್ಣ, ಸಣ್ಣ ಮಂಜಣ್ಣ ಅನ್ನಲ್ವಾ, ಹಾಗೆ.

ಸ್ಕಾಲರನ್ನು ಯಾಮಾರಿಸುವುದೂ ಕಷ್ಟವಲ್ಲ ಅಂತ 2010ರಲ್ಲೇ ಫ್ರಾನ್ಸಿನ ಸಿರಿಲ್ ಲಾಬೆ ಮಾಡಿ ತೋರಿಸಿದರು. ಐಕ್ ಅಂಟ್ಕೇರ್ ಎಂಬ ಇಲ್ಲದ ವಿಜ್ಞಾನಿಯ ಹೆಸರಲ್ಲಿ ಸೈಜೆನ್ ಅನ್ನೋ ಸಾಫ್ಟ್‌ವೇರ್‌ನಿಂದ ನೂರರಷ್ಟು ಅರ್ಥವಿಲ್ಲದ ಪೇಪರ್ ಹೊರಡಿಸಿ, ಒಂದು ಇನ್ನೊಂದನ್ನು ಸೈಟ್ ಮಾಡುವ ಹಾಗೆ ಹೆಣೆದರು. ಆಸಾಮಿಯ ಎಚ್-ಇಂಡೆಕ್ಸ್ 94! ಹೆಸರನ್ನು ಬೇಗ ಬೇಗ ಹೇಳಿ ನೋಡಿ, 'ಐ ಕಾಂಟ್ ಕೇರ್' ಅಂತ ಕೇಳಿಸುತ್ತೆ. ತಮ್ಮದನ್ನು ತಾವೇ ಸೈಟ್ ಮಾಡಿಕೊಂಡಿದ್ದನ್ನು ಸ್ಕಾಲರ್ ಲೆಕ್ಕದಿಂದ ಕಳೆಯುವುದಿಲ್ಲ ಅನ್ನೋದೂ ನೆನಪಿರಲಿ.

ಮೂರನೆಯದು, ಯಾವ ವಿಷಯದವರು ಅಂತ ನೋಡದೆ ಹೋಲಿಸಬೇಡಿ. ಮಷಿನ್ ಲರ್ನಿಂಗ್‌ನಲ್ಲಿ, ಅಂದರೆ ಕಂಪ್ಯೂಟರಿಗೆ ಉದಾಹರಣೆ ತೋರಿಸಿ ಕಲಿಸುವ ಕಡೆ, ಸಂತೆಯಷ್ಟು ಜನ. ಇವತ್ತಿನ ಚಾಟ್‌ಬಾಟ್‌ಗಳ ಬುಡದಲ್ಲಿರುವ ಟ್ರಾನ್ಸ್‌ಫಾರ್ಮರ್ ಪೇಪರ್ 2017ರದ್ದು, ಎಂಟು ಜನ ಬರೆದದ್ದು, ಸೈಟೇಶನ್ ಲಕ್ಷ ದಾಟಿದೆ. ಇನ್ನೊಂದು ಕಡೆ, 2002ರಲ್ಲಿ ಐಐಟಿ ಕಾನ್ಪುರದಲ್ಲಿ ಅಗ್ರವಾಲ್, ಕಯಾಲ್, ಸಕ್ಸೇನಾ ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಬೇಗ, ಖಚಿತವಾಗಿ ಹೇಳುವ ದಾರಿ ಕಂಡುಹಿಡಿದರು. ಪೇಪರ್ ಹೊರಬಂದಾಗ ಕಯಾಲ್, ಸಕ್ಸೇನಾ ಆಗಷ್ಟೇ ಬಿ.ಟೆಕ್ ಮುಗಿಸಿದ್ದ ಹುಡುಗರು. 2006ರಲ್ಲಿ ಥಿಯರಿಗೆ, ಅಂದರೆ ಕಂಪ್ಯೂಟರ್ ಸೈನ್ಸ್‌ನ ಗಣಿತದ ಕಡೆಗೆ, ಕೊಡುವ ಗೋಡೆಲ್ ಪ್ರಶಸ್ತಿ ಬಂತು. ಸೈಟೇಶನ್‌ನಲ್ಲಿ ಮಾತ್ರ ಟ್ರಾನ್ಸ್‌ಫಾರ್ಮರ್ ಹತ್ತಿರಕ್ಕೂ ಬರುವುದಿಲ್ಲ. ಥಿಯರಿಯಲ್ಲಿ ಓದುವವರೇ ಕಡಿಮೆ, ಸ್ವಾಮಿ. ಆ ಮೂರು ಹೆಸರು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿರುವುದನ್ನೂ ಗಮನಿಸಿ. ಥಿಯರಿಯವರ ರೂಢಿ ಅದು. ಮಷಿನ್ ಲರ್ನಿಂಗ್‌ನಲ್ಲಾದರೆ ಸಾಮಾನ್ಯವಾಗಿ ಜಾಸ್ತಿ ದುಡಿದವರು ಮೊದಲು, ಗೈಡ್ ಕೊನೆಗೆ.

ಜರ್ನಲ್ ಪೇಪರ್ ಕಡಿಮೆ ಅಂತ ಮೂಗು ಮುರಿಯಬೇಡಿ. ಕಂಪ್ಯೂಟರ್ ಸೈನ್ಸ್‌ನಲ್ಲಿ ಒಳ್ಳೆಯ ಕೆಲಸ ಕಾನ್ಫರೆನ್ಸ್‌ಗೇ ಹೋಗುವುದು ಜಾಸ್ತಿ.

ಕೊನೆಗೆ, ಒಂದು ಪೇಪರಿನ ಸೈಟೇಶನ್ ಸಂಖ್ಯೆ ಒತ್ತಿ. ಅದನ್ನು ಹೆಸರಿಸಿದ ಪೇಪರ್‌ಗಳ ಪಟ್ಟಿ ಬರುತ್ತೆ. ಎರಡು ಮೂರು ತೆರೆದು ಇವರ ಹೆಸರು ಎಲ್ಲಿದೆ ಹುಡುಕಿ. 'ಈ ವಿಷಯದಲ್ಲಿ ತುಂಬ ಕೆಲಸ ನಡೆದಿದೆ' ಅನ್ನೋ ಒಂದು ಸಾಲಿನ ಕೊನೆಗೆ, ಒಂಬತ್ತು ಜನರ ಗುಂಪಿನಲ್ಲಿ ಒಬ್ಬರಾಗಿದ್ದಾರಾ? ಇಲ್ಲ, ಇವರ ವಿಧಾನವನ್ನೇ ಎತ್ತಿಕೊಂಡು ಮುಂದುವರಿಸಿದ್ದಾರಾ? ಎರಡಕ್ಕೂ ಲೆಕ್ಕದಲ್ಲಿ ಸಿಗುವುದು ಒಂದೇ ಅಂಕ.

14ರವರದ್ದು ಥಿಯರಿ. ಅವರ ಒಂದು ಪೇಪರನ್ನು ಇಸ್ರೇಲಿನ ಯಾರೋ ನಾಲ್ಕು ಪುಟ ಚರ್ಚೆ ಮಾಡಿದ್ದರು. ಹುಡುಗ ಅದನ್ನು ಎರಡು ದಿನ ಕೂತು ಓದಿ, ಅರ್ಥವಾಗದ ಒಂದು ಹೆಜ್ಜೆಯ ಬಗ್ಗೆ ಅವರಿಗೆ ಮೇಲ್ ಬರೆದಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.